ಕಾರಿನ ಮೂಲೆ ಒತ್ತಿ ನೋಡುತ್ತಿದ್ದ ಮೇಷ್ಟ್ರು

ನೀವು ಹಳೆಯ ಕಾರು ಕೊಳ್ಳಲು ಹೋದರೆ ಮೊದಲು ಬಾಗಿಲು ತೆಗೆಯಬೇಡಿ. ಬಣ್ಣ ನೋಡಬೇಡಿ. ಎಷ್ಟು ಓಡಿದೆ ಎಂದು ಮೀಟರ್ ನೋಡುವುದಂತೂ ಬೇಡವೇ ಬೇಡ. ಮೀಟರ್ ಹಿಂದಕ್ಕೆ ತಿರುಗಿಸುವವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಮುಂದಿನ ಚಕ್ರದ ಮೇಲಿನ ಮೂಲೆಗೆ ಎರಡೂ ಅಂಗೈ ಊರಿ, ಮೈಭಾರವೆಲ್ಲ ಹಾಕಿ ಒತ್ತಿ, ಥಟ್ಟನೆ ಕೈ ಬಿಡಿ. ಕಾರು ಒಂದು ಸಲ ಎದ್ದು ಸುಮ್ಮನೆ ನಿಂತರೆ ಮಾತು ಮುಂದುವರಿಸಿ. ಎದ್ದು, ಕುಸಿದು, ಮತ್ತೆ ಎದ್ದರೆ ‘ಮನೇಲಿ ಕೇಳಿ ಹೇಳ್ತೀನಿ’ ಎಂದು ಹೊರಟುಬಿಡಿ. ಹಿಂದಿನಿಂದ ಕೂಗಿ ರೇಟು ಇಳಿಸಿದರೂ ತಿರುಗಬೇಡಿ.

ಇದನ್ನು ನನಗೆ ಹೇಳಿಕೊಟ್ಟವರು ದೊಡ್ಡಬಳ್ಳಾಪುರದ ಒಬ್ಬ ಡ್ರೈವಿಂಗ್ ಸ್ಕೂಲ್ ಮೇಷ್ಟ್ರು. ಊರಿನ ಅರ್ಧ ಜನಕ್ಕೆ ಸ್ಟೀರಿಂಗ್ ಹಿಡಿಯುವುದು ಕಲಿಸಿದವರು. ವರ್ಷವೆಲ್ಲ ಪಕ್ಕದ ಸೀಟಿನಲ್ಲಿ ಕೂತು ‘ನಿಧಾನ, ನಿಧಾನ’ ಎನ್ನುತ್ತಿದ್ದ ಈ ಮನುಷ್ಯ, ಆಗೊಮ್ಮೆ ಈಗೊಮ್ಮೆ ತಮ್ಮದೇ ಒಂದು ಪುಟ್ಟ ಕಾರನ್ನು ಲಾರಿಗೆ ಏರಿಸಿಕೊಂಡು ತಮಿಳುನಾಡಿನ ರೇಸ್ ಟ್ರ್ಯಾಕಿಗೆ ಹೋಗಿ, ಹವ್ಯಾಸಿಗಳ ರೇಸಿನಲ್ಲಿ ಓಡಿಸಿ ಬರುತ್ತಿದ್ದರು. ಗೆದ್ದು ಬಂದದ್ದನ್ನು ನಾನು ಕಂಡಿಲ್ಲ.

ಈ ಸಲದ ಮಳೆಗಾಲ ಮುಗಿಯುವ ಹೊತ್ತಿಗೆ ಅವರು ತೀರಿಕೊಂಡರು. ಹೊಟ್ಟೆಯ ಕಾಯಿಲೆ. ಫೋನ್ ಬಂದಾಗ ನಾನು ಅಂಗಡಿಯಲ್ಲಿ ಬ್ರೇಕ್ ಡ್ರಮ್ಮುಗಳನ್ನು ತೂಗುತ್ತಿದ್ದೆ. ‘ಹೂಂ’ ಎಂದೆ. ತೂಕ ಮುಗಿಸಿ, ಗಿರಾಕಿಯನ್ನು ಕಳಿಸಿ, ಕೈ ತೊಳೆದುಕೊಂಡು ಹೊರಟೆ. ಅಳು ಬರಲಿಲ್ಲ. ಈಗಲೂ ಬಂದಿಲ್ಲ. ಬರಬೇಕಿತ್ತೇನೋ ಎಂದು ಕೆಲವು ಸಲ ಅನ್ನಿಸುತ್ತದೆ, ಅಷ್ಟೆ.

ನನ್ನದು ಗುಜರಿ ಅಂಗಡಿ. ನೆಲಮಂಗಲದಿಂದ ದೊಡ್ಡಬಳ್ಳಾಪುರಕ್ಕೆ ಬರುವಾಗ ಮಧುರೆ ದಾಟಿದ ಮೇಲೆ ಎಡಕ್ಕೆ ಸಿಗುತ್ತದೆ. ಗುದ್ದಿಸಿಕೊಂಡ ಕಾರುಗಳನ್ನು ಸಗಟಾಗಿ ಕೊಂಡು, ಬಿಚ್ಚಿ, ಒಂದೊಂದೇ ಭಾಗ ಮಾರುವುದು ಕಸುಬು. ಸೈಕಲ್ಲಿನ ಹಿಂದೆ ಗೋಣಿಚೀಲ ಕಟ್ಟಿಕೊಂಡು ಹಳೇ ಕಬ್ಬಿಣ ಕೇಳುತ್ತ ತಿರುಗಿದವನು ನಾನು. ಯಾರೂ ಕೈ ಹಿಡಿದು ಮೇಲೆತ್ತಲಿಲ್ಲ. ಹಾಗಾಗಿ ಗಿರಾಕಿಯನ್ನು ಓದುವುದು ನನಗೆ ಚೆನ್ನಾಗಿ ಬರುತ್ತದೆ. ಅಂಗಡಿಯೊಳಗೆ ಬಂದವನ ಕಣ್ಣು ಮೊದಲು ಯಾವ ವಸ್ತುವಿನ ಮೇಲೆ ಬೀಳುತ್ತದೆಂದು ನೋಡಿಟ್ಟುಕೊಳ್ಳಬೇಕು. ಉಳಿದದ್ದನ್ನೆಲ್ಲ ತೋರಿಸಿ, ಅದನ್ನು ಕೊನೆಗೆ ತೋರಿಸಬೇಕು. ಅಷ್ಟರಲ್ಲಿ ಅವನೇ ಮೆತ್ತಗಾಗಿರುತ್ತಾನೆ.

ಮೇಷ್ಟ್ರು ಮೊದಲ ಸಲ ಬಂದಾಗ ಅವರ ಕಣ್ಣು ಬಿದ್ದದ್ದು ನನ್ನ ತೂಕದ ಮಿಷನ್ನಿನ ಮೇಲೆ. ನನಗೆ ಏನೂ ತಿಳಿಯಲಿಲ್ಲ.

“ಏನ್ ಬೇಕು ಸಾರ್?”

“ಸ್ಪ್ರಿಂಗ್. ಮುಂದಿನ ಚಕ್ರದ್ದು. ರೇಸ್ ಕಾರಿಗೆ.”

“ರೇಸಿಗಾ? ಹಂಗಾದ್ರೆ ಗಟ್ಟಿದು ಕೊಡ್ತೀನಿ ಬನ್ನಿ. ಡೀಸೆಲ್ ಗಾಡಿದಿದೆ. ಹಾಕ್ಬಿಟ್ರೆ ಕಾರು ಕಲ್ಲು ಇದ್ದಂಗೆ ನಿಂತ್ಕೊಳತ್ತೆ.”

“ಕಲ್ಲು ಬೇಕಾಗಿದ್ರೆ ಕ್ವಾರಿಗೆ ಹೋಗ್ತಿದ್ದೆ ಕಣಪ್ಪಾ. ನಿನ್ನ ತೂಕದ ಮಿಷನ್ ಸರಿಯಾಗಿದ್ಯಾ?”

“ಸೀಲ್ ಇದೆ ನೋಡಿ ಸಾರ್!”

“ಸೀಲ್ ಎಲ್ರ ಮಿಷನ್ನಿಗೂ ಇರತ್ತೆ. ಸರಿಯಾಗಿದ್ಯಾ ಅಂತ ಕೇಳ್ದೆ.”

ಭಾರೀ ಆಳು. ನಿಂತರೆ ಬಾಗಿಲಿನ ಬೆಳಕು ಕಟ್ಟುತ್ತಿತ್ತು. ಆ ಮೈ ಹೊತ್ತುಕೊಂಡು ಹೊರಗೆ ಹೋಗಿ, ತಾವು ತಂದಿದ್ದ ಒಂದು ಕಬ್ಬಿಣದ ಚೌಕಟ್ಟು ಮತ್ತು ಜಾಕ್ ಇಳಿಸಿಕೊಂಡು ಬಂದರು. ಸ್ಪ್ರಿಂಗನ್ನು ತೂಕದ ಮಿಷನ್ನಿನ ಮೇಲೆ ನಿಲ್ಲಿಸಿ, ಮೇಲಿನಿಂದ ಜಾಕಿನಲ್ಲಿ ಒತ್ತಿ, ಸರಿಯಾಗಿ ಒಂದು ಅಂಗುಲ ತಗ್ಗಿಸಿದರು. ಮಿಷನ್ ಎಷ್ಟು ಭಾರ ತೋರಿಸಿತೋ ಅದೇ ಆ ಸ್ಪ್ರಿಂಗಿನ ಗಟ್ಟಿತನ. ಇಷ್ಟೇ ವಿದ್ಯೆ. ನೋಡಲು ಅವಳಿ ಜವಳಿಯಂತಿದ್ದ ಸ್ಪ್ರಿಂಗುಗಳು ಒಂದೊಂದೂ ಒಂದೊಂದು ಭಾರ ತೋರಿಸಿದವು. ಅವರು ಗಟ್ಟಿಯಾದವನ್ನೆಲ್ಲ ಪಕ್ಕಕ್ಕೆ ಸರಿಸಿ, ನಾನು ಸವೆದು ಹೋಗಿದೆ ಎಂದು ಮೂಲೆಗೆ ಎಸೆದಿದ್ದ ಜೊತೆಯನ್ನು ಎತ್ತಿಕೊಂಡರು. ರೇಟು ಕೇಳಿದರು. ಹೇಳಿದೆ. ಕೊಟ್ಟು ಹೋದರು.

ಚೌಕಾಸಿ ಮಾಡದ ಗಿರಾಕಿ ನನ್ನಂಥವನಿಗೆ ಒಂದು ರೀತಿಯ ಅವಮಾನ. ರೇಟು ಸರಿ ಕಂಡರೆ ಕೊಡುತ್ತಿದ್ದರು, ಇಲ್ಲದಿದ್ದರೆ ಮಾತಿಲ್ಲದೆ ಎದ್ದು ಹೋಗುತ್ತಿದ್ದರು. ನಾನು ಹಿಂದೆ ಓಡಿ ಕರೆಯಬೇಕು.

ಆಮೇಲೆ ನಾನು ಸ್ಪ್ರಿಂಗುಗಳನ್ನು ಮೆತ್ತನೆಯದು, ನಡುವಿನದು, ಗಟ್ಟಿಯದು ಎಂದು ರಾಶಿ ಮಾಡಿ ಬೇರೆ ಬೇರೆ ರೇಟು ಕಟ್ಟಿದೆ. ಮುಂದಿನ ಸಲ ಬಂದಾಗ ನೋಡಿ ಕಣ್ಣು ಕಿರಿದು ಮಾಡಿದರು.

“ನಾನು ವಿದ್ಯೆ ಹೇಳ್ಕೊಟ್ರೆ ನೀನು ಬೋರ್ಡ್ ಹಾಕ್ಬಿಟ್ಯಲ್ಲೋ ಗುಜರಿ ದೊರೆ.”

“ಬಿಟ್ಟಿ ಕಲ್ತಿದ್ದು ಮರ್ತೋಗತ್ತೆ ಸಾರ್, ಅದಕ್ಕೆ.”

“ನಂಗೂ ಅದೇ ರೇಟಾ?”

“ನಿಮ್ಗೆ ಬೇಕಾದ್ರೆ ಟೀ ಫ್ರೀ.”

ಅಂದಿನಿಂದ ಅವರು ನನ್ನನ್ನು ಹೆಸರು ಹಿಡಿದು ಕರೆದದ್ದು ನೆನಪಿಲ್ಲ. ಗುಜರಿ ದೊರೆಯೇ. ಟೀಯನ್ನು ಮಾತ್ರ ತಪ್ಪದೆ ಕುಡಿಯುತ್ತಿದ್ದರು, ಸಾಸರಿಗೆ ಹಾಕಿಕೊಂಡು, ಸದ್ದು ಮಾಡಿಕೊಂಡು.

ಅವರ ಸ್ಕೂಲಿನಲ್ಲಿ ಕಲಿತವರೆಲ್ಲ ಹೇಳುವ ಮಾತೊಂದಿದೆ: ಲೈಸೆನ್ಸ್ ಸಿಕ್ಕಿದ ಮೇಲೆ ಒಂಟಿಯಾಗಿ ಕಾರು ಓಡಿಸಿದರೆ ಅದು ಬಲಕ್ಕೆ ಎಳೆದಂತಾಗುತ್ತಿತ್ತಂತೆ. ಎಡಗಡೆ ಮೇಷ್ಟ್ರ ಭಾರ ಇಲ್ಲವಲ್ಲ. ಅವರೇ ಇದನ್ನು ಹೇಳಿ ಹೊಟ್ಟೆ ಕುಣಿಸುತ್ತ ನಗುತ್ತಿದ್ದರು. ಆದರೆ ಪಾಠ ಶುರು ಮಾಡುವ ಮೊದಲು ನಗು ಇಲ್ಲ. ಹೊಸಬ ಸೀಟಿನಲ್ಲಿ ಕೂತ ಕೂಡಲೆ ಅವನ ಭುಜದ ಮೇಲೆ ಕೈಯಿಟ್ಟು ಒತ್ತಿ ನೋಡುತ್ತಿದ್ದರು. ಭುಜ ಸೆಟೆದಿದ್ದರೆ ಕೀಲಿ ಕೊಡುತ್ತಿರಲಿಲ್ಲ.

“ಭುಜ ಬಿಡು. ಇನ್ನೂ ಬಿಡು. ನೀನೇ ಕಲ್ಲಾಗಿ ಕೂತ್ರೆ ರಸ್ತೆ ಏನ್ ಹೇಳತ್ತೆ ಅಂತ ನಿಂಗೆಂಗಪ್ಪಾ ಗೊತ್ತಾಗತ್ತೆ?”

ಹೆಂಗಸರಿಗಾದರೆ ಅವರ ಹೆಂಡತಿ ಬಂದು ಒತ್ತಬೇಕು. ನಾನು ಅಕ್ಕ ಎಂದು ಕರೆಯುವ ಆಕೆ ಅದೇ ಸ್ಕೂಲಿನಲ್ಲಿ ಹೆಂಗಸರಿಗೆ ಸ್ಕೂಟರ್ ಕಲಿಸುತ್ತಾರೆ. ‘ಇವ್ರು ಒತ್ತಿದ್ರೆ ಕಾರು ಏಳತ್ತೆ, ನಾನು ಒತ್ತಿದ್ರೆ ಇವ್ರೇ ಸುಮ್ನಾಗ್ತಾರೆ’ ಎಂದು ಗಂಡನನ್ನು ಎಲ್ಲರ ಮುಂದೆ ಆಡಿಕೊಳ್ಳುತ್ತಿದ್ದರು.

ರಸ್ತೆಯ ಹಂಪುಗಳ ವಿಷಯದಲ್ಲಿ ಅವರು ಹೇಳುತ್ತಿದ್ದುದನ್ನು ನೀವೂ ಇಟ್ಟುಕೊಳ್ಳಿ, ನಾನು ಕಾಸು ಕೇಳುವುದಿಲ್ಲ. ಹಂಪಿನ ಮೇಲೆ ಬ್ರೇಕ್ ಹಿಡಿಯಬಾರದು. ಮೊದಲೇ ಹಿಡಿದು, ಹಂಪು ಬರುವ ಹೊತ್ತಿಗೆ ಬಿಟ್ಟುಬಿಡಬೇಕು. ಬ್ರೇಕ್ ಹಿಡಿದಾಗ ಕಾರು ಮೂಗು ತಗ್ಗಿಸುತ್ತದೆ, ಮುಂದಿನ ಸ್ಪ್ರಿಂಗ್ ಆಗಲೇ ಅರ್ಧ ಕುಗ್ಗಿರುತ್ತದೆ. ಹಂಪು ಬಂದು ಗುದ್ದಿದರೆ ಇನ್ನು ಎಲ್ಲಿಗೆ ಕುಗ್ಗಬೇಕು ಅದು? ‘ಪೆಟ್ಟು ಬರೋ ಹೊತ್ತಿಗೆ ಸ್ಪ್ರಿಂಗ್ ಬಿಡುವಾಗಿರ್ಬೇಕು’ ಎನ್ನುತ್ತಿದ್ದರು. ಇದನ್ನು ನಾನು ವ್ಯಾಪಾರದಲ್ಲೂ ಬಳಸಿಕೊಂಡಿದ್ದೇನೆ.

ಒಳ್ಳೆಯ ಮಾತಾಡುವುದರಲ್ಲಿ ಜಿಪುಣ. ಕಲಿತವನು ಟೆಸ್ಟ್ ಪಾಸಾಗಿ ಸ್ವೀಟ್ ಬಾಕ್ಸ್ ತಂದರೆ ‘ರಿವರ್ಸ್ ಇನ್ನೂ ಬರಲ್ಲ ನಿಂಗೆ’ ಎಂದು ಹೇಳಿ ಬಾಕ್ಸ್ ಇಟ್ಟುಕೊಳ್ಳುತ್ತಿದ್ದರು. ಸಿಟ್ಟು ಬೇಗ. ಒಮ್ಮೆ ಹಿಡಿದದ್ದನ್ನು ಬಿಡುವ ಜಾತಿಯೇ ಅಲ್ಲ. ಅವರು ಹಿಡಿದಿದ್ದದ್ದು ಒಂದು ತಿರುವು.

ಆ ಟ್ರ್ಯಾಕಿನಲ್ಲಿ ಬಲಕ್ಕೆ ಹೊರಳುವ ಒಂದು ಉದ್ದನೆಯ ವೇಗದ ತಿರುವಿದೆ. ಅದರ ಡಾಂಬರು ಬಿಸಿಲಿಗೆ ಸುಕ್ಕುಗಟ್ಟಿದೆ. ಕಾಲಿನಡಿಯಲ್ಲಿ ಗೊತ್ತಾಗದಷ್ಟು ಸಣ್ಣ ಸುಕ್ಕು. ಆದರೆ ಕಾರು ಓಡುವ ವೇಗಕ್ಕೆ ಅದೇ ದೊಡ್ಡದು. ಸ್ಪ್ರಿಂಗ್ ಗಟ್ಟಿಯಾಗಿದ್ದರೆ ಚಕ್ರ ಸುಕ್ಕಿನ ಮೇಲೆ ಪುಟಿದು ನೆಲ ಬಿಡುತ್ತದೆ. ನೆಲ ಬಿಟ್ಟ ಚಕ್ರ ಸ್ಟೀರಿಂಗಿನ ಮಾತು ಕೇಳುವುದಿಲ್ಲ, ಕಾರು ಹೊರಕ್ಕೆ ಜಾರುತ್ತದೆ. ಆಗ ಆಕ್ಸಿಲರೇಟರಿನಿಂದ ಕಾಲೆತ್ತಲೇಬೇಕು. ಹಾಗೆಂದು ತೀರಾ ಮೆತ್ತಗೆ ಮಾಡಿದರೆ ಕಾರು ಒಂದು ಕಡೆಗೆ ವಾಲಿ, ಸ್ಪ್ರಿಂಗ್ ಪೂರ್ತಿ ಕುಸಿದು ತಳ ಮುಟ್ಟುತ್ತದೆ. ಅದು ಇನ್ನೂ ಕೆಟ್ಟದ್ದು. ಇವೆರಡರ ನಡುವೆ ಎಲ್ಲೋ ಒಂದು ಸ್ಪ್ರಿಂಗ್ ಇದೆ, ಅದು ಸಿಕ್ಕಿದರೆ ಆ ತಿರುವನ್ನು ಕಾಲೆತ್ತದೆ ದಾಟಬಹುದು ಎಂಬುದು ಅವರ ನಂಬಿಕೆ.

“ನೆಲ ಬಿಡಬಾರ್ದು, ನೆಲಕ್ಕೆ ಕೂರ್ಲೂಬಾರ್ದು. ಅಷ್ಟೇ ಗುರು ಬೇಕಾಗಿರೋದು.”

“ಕಪ್ ಬೇಡ್ವಾ ಸಾರ್?”

“ಕಪ್ಪಲ್ಲಿ ನಿನ್ನ ಟೀ ಕುಡಿಯೋಕಾಗತ್ತಾ? ಆ ತಿರುವಲ್ಲಿ ಒಂದ್ಸಲ ಕಾಲೆತ್ತದೆ ಬರ್ಬೇಕು. ಒಂದು ರೇಸ್ ಪೂರ್ತಿ ಹಂಗೆ ಬಂದ್ರೆ, ಕಾರು ನಿಂಗೇ ಕೊಟ್ಬಿಡ್ತೀನಿ, ಬಿಚ್ಚಿ ಮಾರ್ಕೋ.”

ಅವರ ಜೊತೆ ಓಡಿಸುವ ಬೇರೆಯವರು ಕಾರು ತಗ್ಗಾಗಲಿ ಎಂದು ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸಿ ಹಾಕುತ್ತಿದ್ದರು. ಕತ್ತರಿಸಿದರೆ ಸ್ಪ್ರಿಂಗ್ ಮೆತ್ತಗಾಗುತ್ತದೆಂದು ನಾನೂ ತಿಳಿದಿದ್ದೆ. ಉಲ್ಟಾ. ಸುತ್ತು ಕಡಿಮೆಯಾದಷ್ಟೂ ಗಟ್ಟಿ. ನಂಬಿಕೆ ಇಲ್ಲದಿದ್ದರೆ ತೂಕದ ಮಿಷನ್ನಿನ ಮೇಲಿಟ್ಟು ಒತ್ತಿ ನೋಡಿ.

ಇನ್ನು ಮೂಟೆಯ ವಿಷಯ.

ಸ್ಪ್ರಿಂಗ್ ಬದಲಾಯಿಸಿದಾಗಲೆಲ್ಲ ಡ್ರೈವರ್ ಸೀಟಿನಲ್ಲಿ ಕೂತಿರುವಾಗ ಕಾರು ಎಷ್ಟು ತಗ್ಗಿದೆ ಎಂದು ನಾಲ್ಕೂ ಮೂಲೆಯಲ್ಲಿ ಅಳೆಯಬೇಕು. ಖಾಲಿ ಕಾರನ್ನು ಅಳೆದರೆ ಪ್ರಯೋಜನವಿಲ್ಲ. ರೇಸಿನಲ್ಲಿ ಕಾರು ಖಾಲಿ ಓಡುವುದಿಲ್ಲವಲ್ಲ. ತೊಂದರೆ ಏನೆಂದರೆ ಮೇಷ್ಟ್ರು ಅಳತೆಯನ್ನು ಬೇರೆ ಯಾರ ಕೈಗೂ ಕೊಡುವವರಲ್ಲ. ಸೀಟಿನಲ್ಲೂ ಅವರೇ ಇರಬೇಕು, ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು ಟೇಪು ಹಿಡಿಯುವುದಕ್ಕೂ ಅವರೇ ಬೇಕು. ಅದಕ್ಕೆ ಅವರು ಮಾಡಿಕೊಂಡ ಉಪಾಯ ರಾಗಿ ಮೂಟೆ. ಅಕ್ಕನ ತವರಿನ ಹೊಲದ ರಾಗಿ. ತಮ್ಮ ಮೈತೂಕಕ್ಕೆ ಸರಿಯಾಗಿ ತೂಗಿ, ಗೋಣಿಚೀಲದ ಬಾಯಿ ಕಟ್ಟಿ, ಸೀಟಿನ ಮೇಲೆ ಕೂರಿಸಿ, ಬೆಲ್ಟು ಬಿಗಿಯುತ್ತಿದ್ದರು.

“ಬಾರೋ ದೊರೆ, ನನ್ನನ್ನ ಕೂರಿಸೋಣ” ಎನ್ನುತ್ತಿದ್ದರು. ಒಂದು ತುದಿ ಅವರು, ಒಂದು ತುದಿ ನಾನು. ಇಬ್ಬರಿಗೂ ಏದುಸಿರು.

“ಸಾರ್, ಮರಳು ತುಂಬ್ಸಿ ಇಟ್ಕೋಬಾರ್ದಾ? ರಾಗಿ ಯಾಕೆ ಹಿಂಗೆ ಸೀಟಲ್ಲಿ ಕೂರ್ಸಿ ಮೆರಸ್ತೀರ?”

“ಮರಳು ನೀರು ಕುಡಿಯತ್ತೆ, ಮಳೆಗಾಲದಲ್ಲಿ ಒಂದ್ ತೂಕ, ಬೇಸಿಗೇಲಿ ಒಂದ್ ತೂಕ. ಅಕ್ಕಿಗೆ ಹುಳ ಬೀಳತ್ತೆ. ರಾಗಿ ಒಂದ್ಸಲ ಒಣಗಿತು ಅಂದ್ರೆ ವರ್ಷಾನುಗಟ್ಲೆ ಇಟ್ರೂ ಇದ್ದಂಗೇ ಇರತ್ತೆ. ನನ್ನ ಥರ.”

ಅಕ್ಕ ಒಳಗಿನಿಂದ, “ಮೂಟೆಗೆ ಬುದ್ಧಿ ಹೇಳಿದ್ರೆ ಎದುರು ಮಾತಾಡಲ್ಲ. ನಂಗೆ ಅದೇ ವಾಸಿ” ಎಂದರು.

ಹೋದ ವರ್ಷ ಅವರು ಅಂಗಡಿಗೆ ಬಂದು, ಈಗಿರುವುದಕ್ಕಿಂತ ಮೆತ್ತನೆಯ ಸ್ಪ್ರಿಂಗ್ ಕೇಳಿದರು. ಬಲಗಡೆ ಕಾರು ಎತ್ತರ ನಿಲ್ಲುತ್ತಿದೆ, ತಿರುವಿನಲ್ಲಿ ಹಿಂದಿಗಿಂತ ಹೆಚ್ಚು ಪುಟಿಯುತ್ತಿದೆ ಎಂದರು. ನಾನು ಕೊಟ್ಟದ್ದೇ ಸ್ಪ್ರಿಂಗ್. ನನ್ನ ಮಾಲಿನ ಮೇಲೆ ದೂರು ಬಂದರೆ ನಾನು ಸುಮ್ಮನಿರುವವನಲ್ಲ. ಬಿಚ್ಚಿಸಿ ತರಿಸಿ, ಮಿಷನ್ನಿನ ಮೇಲಿಟ್ಟು, ಅವರ ಕಣ್ಣೆದುರೇ ಒತ್ತಿ ತೋರಿಸಿದೆ. ಮೊದಲಿದ್ದಷ್ಟೇ ಇತ್ತು.

“ನೋಡಿ ಸಾರ್, ಸ್ಪ್ರಿಂಗ್ ಬದ್ಲಾಗಿಲ್ಲ.”

“ಬದ್ಲಾಗಿಲ್ಲ,” ಎಂದರು. “ಕಾರು ಹಗುರ ಆಗಿದೆ.”

“ಏನ್ ಬಿಚ್ಚಾಕಿದ್ರಿ?”

“ಏನೋ ಒಂಚೂರು.”

ಆಗ ಅವರನ್ನು ಸರಿಯಾಗಿ ನೋಡಿದೆ. ಶರ್ಟು ಜೋಲುತ್ತಿತ್ತು. ಬೆಲ್ಟಿಗೆ ಹೊಸ ತೂತು ಬಿದ್ದಿತ್ತು.

“ಡಯಟ್ಟಾ ಸಾರ್?”

“ಹೂಂ. ಡ್ರೈವರ್ ಇಳಿದಷ್ಟೂ ಕಾರಿಗೆ ಒಳ್ಳೇದಲ್ವಾ.”

ರೇಸಿನವರಲ್ಲಿ ಇದು ದೊಡ್ಡ ಮಾತು. ಕಾರಿನ ಭಾರ ಇಳಿಸಲು ಬಾಗಿಲು, ಗಾಜು, ಸೀಟು ಎಂದು ಏನೇನೋ ತೆಗೆಯುತ್ತಾರೆ, ಹಣ ಸುರಿಯುತ್ತಾರೆ. ಖರ್ಚಿಲ್ಲದೆ ಇಳಿಸಬಹುದಾದದ್ದು ಡ್ರೈವರನ ಹೊಟ್ಟೆಯೊಂದೇ. ನಾನೂ ಮೆಚ್ಚಿಕೊಂಡೆ. ಅಷ್ಟಕ್ಕೇ ಬಿಡದೆ, ರಾತ್ರಿ ಅನ್ನ ಬಿಟ್ಟುಬಿಡಿ, ಬೆಳಿಗ್ಗೆ ಬಿಸಿನೀರಿಗೆ ನಿಂಬೆಹಣ್ಣು ಹಿಂಡಿಕೊಂಡು ಕುಡಿಯಿರಿ, ಇನ್ನೂ ಬೇಗ ಇಳಿಯುತ್ತೀರಿ ಎಂದು ಹೇಳಿದೆ. ಅವರು ತಲೆಯಾಡಿಸಿ ಪೂರ್ತಿ ಕೇಳಿಸಿಕೊಂಡರು. “ಆಗ್ಲಿ” ಎಂದು ಮೆತ್ತನೆಯ ರಾಶಿಯಿಂದ ಒಂದು ಜೊತೆ ಆರಿಸಿಕೊಂಡು ಹೋದರು.

ಕಾಯಿಲೆ ಅವರಿಗೆ ಆಗಲೇ ಗೊತ್ತಿತ್ತು. ಅಕ್ಕನಿಗೂ ಗೊತ್ತಿತ್ತು. ಬೇರೆ ಯಾರಿಗೂ ಹೇಳಕೂಡದು ಎಂದು ಮಾತು ತೆಗೆದುಕೊಂಡಿದ್ದರಂತೆ. ಗೊತ್ತಾದರೆ ರೇಸಿಗೆ ಬಿಡುವುದಿಲ್ಲವಲ್ಲ. ಇದು ನನಗೆ ತಿಳಿದದ್ದು ಬಹಳ ಆಮೇಲೆ.

ಚಳಿಗಾಲದ ರೇಸಿಗೆ, ಎಂದೂ ಕರೆಯದವರು, ನೀನೂ ಬಾ ಎಂದರು. ನನ್ನದೇ ಲಾರಿಯಲ್ಲಿ ಕಾರು ಏರಿಸಿಕೊಂಡು ಹೋದೆವು. ಹೊಸಕೋಟೆ ದಾಟುವಷ್ಟರಲ್ಲಿ ಅವರು ನಿದ್ದೆ ಹೋಗಿದ್ದರು. ಮೊದಲೆಲ್ಲ ಅವರು ಪಕ್ಕ ಕೂತರೆ ಎಲ್ಲಿ ಗೇರ್ ಹಾಕಬೇಕು, ಎಲ್ಲಿ ಬಿಡಬೇಕು ಎಂದು ತಲೆ ತಿನ್ನುತ್ತಿದ್ದರು.

ಟ್ರ್ಯಾಕಿನಲ್ಲಿ ಕಂಡವರೆಲ್ಲ ಅವರ ಬೆನ್ನು ತಟ್ಟಿದರು.

“ಅಣ್ಣಾ, ಫುಲ್ ಫಿಟ್ ಆಗ್ಬಿಟ್ಟಿದ್ದೀರ! ಯಾವ್ ಜಿಮ್ಮು?”

“ಮನೇಲೇ” ಎಂದರು.

“ಸೀಕ್ರೆಟ್ ಹೇಳ್ರಣ್ಣ, ನಾವೂ ಇಳೀತೀವಿ.”

“ನಿಮ್ಗೆ ಬೇಡ ಬಿಡ್ರೋ. ಕಷ್ಟ ಇದೆ.”

ಅವರೆಲ್ಲ ನಕ್ಕರು. ಒಬ್ಬ ಚಪ್ಪಾಳೆ ಕೂಡ ತಟ್ಟಿದ.

ರೇಸ್ ಮುಗಿಯುವ ಗೆರೆಯ ಬಳಿ ನಿಲ್ಲಬೇಡ, ಆ ತಿರುವಿನ ಬೇಲಿಯ ಹತ್ತಿರ ಹೋಗಿ ನಿಲ್ಲು ಎಂದು ನನಗೆ ಹೇಳಿದರು. “ಕಣ್ಣಲ್ಲಿ ನೋಡಿದ್ರೆ ಗೊತ್ತಾಗಲ್ಲ. ಕಿವಿ ಕೊಡು.”

ನಿಂತೆ. ಬಿಸಿಲಿತ್ತು. ಕಾರುಗಳು ಬಂದವು, ಹೋದವು. ಪ್ರತಿಯೊಂದು ಕಾರಿನ ಇಂಜಿನ್ನೂ ಆ ಸುಕ್ಕಿನ ಹತ್ತಿರ ಬಂದಾಗ ಒಂದು ಉಸಿರಷ್ಟು ತಗ್ಗುತ್ತಿತ್ತು. ಅದು ಕಾಲೆತ್ತುವ ಸದ್ದು. ಮೇಷ್ಟ್ರದ್ದೂ ತಗ್ಗಿತು. ಮತ್ತೆ ಬಂದರು, ತಗ್ಗಿತು. ಹಿಂದೆ ಉಳಿದಿದ್ದರು, ಮುಂದಿನವರು ಆಗಲೇ ಕಣ್ಣಿಗೆ ಕಾಣದಷ್ಟು ದೂರ. ಕೊನೆಕೊನೆಗೆ ಒಂದು ಸುತ್ತಿನಲ್ಲಿ ಅವರ ಕಾರು ತಿರುವಿಗೆ ಇಳಿಯಿತು, ಹೊರಮೈಗೆ ವಾಲಿತು, ನಾನು ಕಾದೆ. ಸದ್ದು ತಗ್ಗಲಿಲ್ಲ. ಹಾಗೇ ಒಂದೇ ಸಮ ಏರುತ್ತ ಹೋಯಿತು. ಚಕ್ರಗಳು ನೆಲಕ್ಕೆ ಹೊಲಿದಂತೆ ಇದ್ದವು.

ರೇಸ್ ಮುಗಿದ ಮೇಲೆ ಎಲ್ಲರೂ ಇಳಿದರೂ ಅವರು ಇಳಿಯಲಿಲ್ಲ. ಕಿಟಕಿಯ ಬಳಿ ಹೋದೆ. ಹೆಲ್ಮೆಟ್ ತೆಗೆದಿದ್ದರು. ಮುಖ ಬಿಳುಚಿತ್ತು.

“ಕೇಳಿಸ್ತಾ?”

“ಕೇಳಿಸ್ತು ಸಾರ್.”

“ಒಂದೇ ಸುತ್ತು ಅಲ್ವಾ?”

“ಒಂದೇ.”

“ಇನ್ನೊಂಚೂರು ಮೆತ್ತಗಾಗ್ಬೇಕು. ಆಗ ಪೂರ್ತಿ ರೇಸ್ ಬರತ್ತೆ.” ಬೆಲ್ಟು ಬಿಚ್ಚಿಕೊಂಡರು. “ಹುಡುಕ್ತೀಯೇನೋ ದೊರೆ?”

ಹುಡುಕುತ್ತೇನೆ ಎಂದೆ. ಅವರು ಇಳಿಯಲು ನನ್ನ ಭುಜ ಹಿಡಿದರು. ಆ ಕೈ ಎಷ್ಟು ಹಗುರವಿತ್ತೆಂದು ಈಗ ಬರೆಯುವಾಗ ಹೇಳುತ್ತಿದ್ದೇನೆ. ಆಗ ನನಗೆ ಬಿಸಿಲಿನದೇ ಯೋಚನೆಯಿತ್ತು.

ಹುಡುಕಲು ದಿನ ಹಿಡಿಯಿತು. ಅಷ್ಟು ಮೆತ್ತನೆಯ ಸ್ಪ್ರಿಂಗ್ ನನ್ನ ರಾಶಿಯಲ್ಲಿರಲಿಲ್ಲ. ಬೂದಿಗೆರೆ ಕಡೆ ಒಂದು ಮನೆಯ ಹಿಂದೆ ಹುಲ್ಲು ಬೆಳೆದು ನಿಂತಿದ್ದ ಹಳೆಯ ಕಾರೊಂದು ಸಿಕ್ಕಿತು. ಅದರ ಸ್ಪ್ರಿಂಗ್ ಮಿಷನ್ನಿನ ಮೇಲಿಟ್ಟಾಗ ಅವರು ಲೆಕ್ಕ ಹಾಕಿ ಹೇಳಿದ್ದಷ್ಟೇ ಭಾರ ತೋರಿಸಿತು. ತೆಗೆದುಕೊಂಡು ಸ್ಕೂಲಿನ ಹಿಂದಿನ ಶೆಡ್ಡಿಗೆ ಹೋದೆ. ಅಷ್ಟೊತ್ತಿಗೆ ಅವರು ಪ್ಲಾಸ್ಟಿಕ್ ಕುರ್ಚಿ ಹಿಡಿದುಬಿಟ್ಟಿದ್ದರು. ಬೆಂಗಳೂರಿನ ಆಸ್ಪತ್ರೆಗೆ ಹೋಗಿಬರುತ್ತಿದ್ದಾರೆಂದು ಆಗ ಎಲ್ಲರಿಗೂ ಗೊತ್ತಾಗಿತ್ತು. ಸ್ಪ್ರಿಂಗ್ ಕೈಯಲ್ಲೇ ಹಿಡಿದು ಬಾಗಿಲಲ್ಲಿ ನಿಂತೆ. ಅವರೇ ಉಳಿಸಿದರು.

“ನೋಡ್ತಾ ನಿಂತ್ಕೊಬೇಡ. ಜಾಕ್ ಹಾಕು.”

ಹಳೆಯ ಸ್ಪ್ರಿಂಗ್ ಬಿಚ್ಚಿ ಹೊಸದು ಕೂರಿಸಿದೆ. ಮೂಟೆ ಆಗಲೇ ಸೀಟಿನಲ್ಲಿತ್ತು, ಬೆಲ್ಟು ಬಿಗಿದಿತ್ತು. ಮೊದಲ ಸಲ ಟೇಪನ್ನು ನನ್ನ ಕೈಗೆ ಕೊಟ್ಟರು. ಒಂದೊಂದು ಮೂಲೆಯದೂ ಅಳೆದು ಕೂಗಿ ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿದರು.

“ಬಲಗಡೆ ಇನ್ನೊಂದ್ಸಲ.”

ಅಳೆದೆ. ಹೇಳಿದೆ.

“ಸರಿಯಾಗಿದೆ. ಇದೇ.”

ಅವರಿಂದ ನನಗೆ ಸಿಕ್ಕ ಮೆಚ್ಚುಗೆ ಅಷ್ಟೆ. ಆ ಸ್ಪ್ರಿಂಗಿನಲ್ಲಿ ಕಾರು ಶೆಡ್ಡಿನಿಂದ ಆಚೆ ಬರಲಿಲ್ಲ.

ಹನ್ನೊಂದನೆಯ ದಿನದ ಕಾರ್ಯ ಎಲ್ಲ ಮುಗಿದ ಮೇಲೆ ಅಕ್ಕ ಫೋನ್ ಮಾಡಿ, ಕಾರನ್ನು ಯಾರಿಗಾದರೂ ದಾಟಿಸಿಕೊಡು ಎಂದರು. ಬಿಚ್ಚಿ ಮಾರುವುದು ಬೇಡ, ಓಡಿಸುವವರಿಗೇ ಕೊಡು ಎಂದರು. ನನ್ನಂಥವನಿಗೆ ಬಿಚ್ಚಿದರೇ ಲಾಭ; ಆದರೂ ಹೂಂ ಎಂದೆ. ದೇವನಹಳ್ಳಿ ಕಡೆಯ ಒಬ್ಬ ಸಿಕ್ಕಿದ, ಸೈಟು ವ್ಯಾಪಾರದವನು, ಒಳ್ಳೆ ದಪ್ಪನಾಳು. ಕೊಡುವಾಗ ಇದ್ದದ್ದನ್ನು ಹೇಳಿಬಿಡುವುದು ವ್ಯಾಪಾರಕ್ಕೇ ಒಳ್ಳೆಯದು.

“ಸ್ಪ್ರಿಂಗ್ ಬದ್ಲಾಯಿಸ್ಕೊಳಿ. ಈಗಿರೋದು ಬೇರೆಯವ್ರ ತೂಕಕ್ಕೆ ಕೂರ್ಸಿರೋದು” ಎಂದೆ.

“ಇರ್ಲಿ ಬಿಡಿ ಅಣ್ಣ” ಎಂದು ನಕ್ಕ. “ನಾನೇ ಆ ತೂಕಕ್ಕೆ ಇಳೀತೀನಿ.”

“ಬೇಡ. ಸ್ಪ್ರಿಂಗ್ ಬದ್ಲಾಯಿಸ್ಕೊಳಿ” ಎಂದೆ.

ಅವನು ಬಂದು ಒಯ್ಯುವ ದಿನ ಬೆಳಿಗ್ಗೆ ನಾನು ಮೊದಲೇ ಹೋದೆ. ಅಕ್ಕ ಶೆಡ್ಡಿನ ಬಾಗಿಲು ತೆಗೆದರು. ಕಾರಿನ ಮೇಲೆ ದೂಳು ಕೂತಿತ್ತು. ಡ್ರೈವರ್ ಸೀಟಿನಲ್ಲಿ ಮೂಟೆ, ಬೆಲ್ಟು ಹಾಕಿಕೊಂಡು, ಹಾಗೆಯೇ.

“ಅದನ್ನ ಇಳಿಸ್ಕೊಡಪ್ಪ” ಎಂದರು. “ನನ್ ಕೈಲಾಗ್ಲಿಲ್ಲ.”

ಇಬ್ಬರು ಬೇಕಾಗುತ್ತದೆಂದು ಆಚೆ ಈಚೆ ನೋಡಿದೆ. ಯಾರೂ ಇರಲಿಲ್ಲ. ಬೆಲ್ಟು ಬಿಚ್ಚಿ, ಅಲುಗಾಡಿಸಿ ನೋಡೋಣವೆಂದು ಮೂಟೆಯ ಕಿವಿ ಹಿಡಿದು ಎಳೆದೆ. ಸಲೀಸಾಗಿ ಬಂತು. ಇನ್ನೂ ತುಂಬಿರಬೇಕಾದ ಗೋಣಿಯ ಮೇಲಿನ ಭಾಗವನ್ನು ಮಡಚಿ, ಕೆಳಗೆ ದಾರ ಕಟ್ಟಿತ್ತು. ತೂಕ ನನ್ನ ಕೈಗೆ ಗೊತ್ತಾಗುತ್ತದೆ, ಅದೇ ನನ್ನ ಅನ್ನ. ಹಿಂದೆ ನಾವಿಬ್ಬರೂ ಏದುಸಿರು ಬಿಟ್ಟುಕೊಂಡು ಎತ್ತಿದ ಮೂಟೆ ಇದಾಗಿರಲಿಲ್ಲ.

“ಅಕ್ಕ, ಇದ್ರಲ್ಲಿ ರಾಗಿ ಕಮ್ಮಿ ಆಗಿದೆ. ಹುಳ ಏನಾದ್ರೂ...” ಎಂದವನು ಅಲ್ಲಿಗೇ ನಿಲ್ಲಿಸಿದೆ. ರಾಗಿಗೆ ಹುಳ ಬೀಳುವುದಿಲ್ಲ.

“ಅವ್ರೇ ತೆಗೀತಿದ್ರು” ಎಂದರು ಅಕ್ಕ. ದನಿಯಲ್ಲಿ ಏರಿಳಿತ ಇರಲಿಲ್ಲ. ಹಾಲಿನವನ ಲೆಕ್ಕ ಹೇಳುವಂತೆ ಹೇಳಿದರು. “ಆಸ್ಪತ್ರೇಲಿ ತೂಕ ನೋಡ್ತಾರಲ್ಲ, ಬಂದ ತಕ್ಷಣ ಚೀಲದ ಬಾಯಿ ಬಿಚ್ಚೋರು. ಇಳಿದಷ್ಟು ತೆಗೆದು ಮೊರಕ್ಕೆ ಹಾಕಿ ಕೊಡೋರು. ಇಲ್ದಿದ್ರೆ ಕಾರಿನ ಅಳತೆ ಸುಳ್ಳಾಗತ್ತೆ ಅನ್ನೋರು.”

“ಆ ರಾಗಿ?”

“ಬೀಸಿಸ್ಕೊಂಡು ಬಾ ಅನ್ನೋರು. ಮುದ್ದೆ ಮಾಡ್ತಿದ್ದೆ. ಆಮೇಲಾಮೇಲೆ ಗಂಜಿ.” ಸೆರಗಿನಿಂದ ಕಾರಿನ ಬಾಗಿಲಿನ ದೂಳು ಒರೆಸಿದರು. “ಇಬ್ರೂ ಅದನ್ನೇ ಉಣ್ತಿದ್ವಿ.”

ಸಲಹೆ ಕೊಡುವುದಕ್ಕೆ ಅಲ್ಲಿ ಏನೂ ಇರಲಿಲ್ಲ.

ಮೂಟೆಯನ್ನು ತಬ್ಬಿ ಹಿಡಿದು, ಬಾಗಿಲಿನಿಂದ ಹೊರಗೆಳೆದು, ಹೆಗಲ ಮೇಲೆ ಹಾಕಿಕೊಂಡೆ. ಅಭ್ಯಾಸಬಲದಿಂದ ಕಾರಿನ ಬಲ ಮೂಲೆ ನೋಡಿದೆ. ಅದು ಅರ್ಧ ಬೆರಳಿನಷ್ಟು ಮೇಲೆದ್ದಿತು. ಒಂದೇ ಸಲ. ಆಮೇಲೆ ಸುಮ್ಮನೆ ನಿಂತಿತು.

“ಎಲ್ಲಿಡ್ಲಿ ಅಕ್ಕ?” ಎಂದೆ.

ಅಕ್ಕ ಕಾರನ್ನೇ ನೋಡುತ್ತಿದ್ದರು. ಅವರು ಹೇಳುವವರೆಗೆ ಹಾಗೇ ಹೊತ್ತುಕೊಂಡು ನಿಂತಿದ್ದೆ.